ಬಂಡೆ ತಾತನ ಸೀನು

"ಅದು ನನ್ನ ಸೀಟು," ಎಂದಳು ಚೂಟಿ.

ವ್ಯಾನಿನ ಮುಂದಿನ ಸೀಟಿನಲ್ಲಿ, ಅಪ್ಪನ ಪಕ್ಕ, ಪ್ರವಾಸಕ್ಕೆ ಬಂದ ಕುಟುಂಬದ ಕನ್ನಡಕದ ಹುಡುಗನೊಬ್ಬ ಆಗಲೇ ಬೆಲ್ಟ್ ಹಾಕಿಕೊಂಡು ಕೂತಿದ್ದ. ಅವನು ಅಪ್ಪನ ಮುಖ ನೋಡಿದ. ಅಪ್ಪ ಚೂಟಿಯ ಮುಖ ನೋಡಿ, ಇವತ್ತೊಂದು ದಿನ ಹಿಂದೆ ಕೂತ್ಕೋ ಎಂದು ಕಣ್ಣಲ್ಲೇ ಹೇಳಿದ.

ಹಿಂದೆ ಎಂದರೆ ತೀರಾ ಹಿಂದೆ. ಐಸ್ ಬಾಕ್ಸ್, ಟವೆಲ್ಲುಗಳು, ಗಾಳಿ ತುಂಬಿದ ದೊಡ್ಡ ಈಜು ಟ್ಯೂಬ್, ಇವುಗಳ ನಡುವೆ ಉಳಿದ ಒಂದಿಷ್ಟು ಜಾಗ. ವ್ಯಾನ್ ಪ್ರತಿ ತಿರುವಿನಲ್ಲೂ ವಾಲಿದಾಗ ಟ್ಯೂಬ್ ಬಂದು ಅವಳ ಕೆನ್ನೆಗೆ ಒತ್ತುತ್ತಿತ್ತು. ಚೂಟಿ ಅದನ್ನು ಗುದ್ದಿ ಆಚೆ ತಳ್ಳುತ್ತಿದ್ದಳು.

ಅಪ್ಪನ ಕೆಲಸವೇ ಪ್ರವಾಸಿಗರನ್ನು ದ್ವೀಪದ ಸುತ್ತ ಕರೆದೊಯ್ಯುವುದು. ಬಿಳಿ ಮರಳಿನ ಬೀಚು, ಲೈಟ್‌ಹೌಸು, ನೀರು ಚಿಮ್ಮುವ ಬಂಡೆ, ಎಲ್ಲವನ್ನೂ ಅವನು ಊರೂರಿನವರಿಗೆಲ್ಲ ತೋರಿಸಿದ್ದ. ಚೂಟಿ ಹುಟ್ಟಿ ಬೆಳೆದದ್ದು ಇದೇ ದ್ವೀಪದಲ್ಲಿ. ಆದರೂ ಅವಳಿಗೆ ನೆನಪಿರುವ ಮಟ್ಟಿಗೆ ಕಂಡದ್ದು ಮನೆಯ ಹಿಂದೆ ಬಲೆ ಒಣಹಾಕುವ ದಂಡೆ ಒಂದನ್ನೇ. "ಮುಂದಿನ ಭಾನುವಾರ ಖಂಡಿತ," ಎನ್ನುತ್ತಿದ್ದ ಅಪ್ಪ. ಭಾನುವಾರ ಬೆಳಿಗ್ಗೆ ಅವನ ಫೋನ್ ಹೊಡೆದುಕೊಳ್ಳುತ್ತಿತ್ತು. ಅಲ್ಲಿಗೆ ಮುಗಿಯಿತು.

ಇವತ್ತು ಅವಳನ್ನು ಕರೆತಂದದ್ದೂ ಪ್ರೀತಿಯಿಂದಲ್ಲ. ಅಮ್ಮ ನರ್ಸು, ಅವಳಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಬಿದ್ದಿತ್ತು. ಮನೆಯಲ್ಲಿ ಚೂಟಿಯನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲ. ಹಾಗಾಗಿ ಅವಳನ್ನೂ ಐಸ್ ಬಾಕ್ಸ್ ಜೊತೆ ವ್ಯಾನಿಗೆ ಹಾಕಿಕೊಂಡಿದ್ದರು.

ಎಲ್ಲಕ್ಕಿಂತ ಸಿಟ್ಟು ತರಿಸಿದ್ದು ಅಪ್ಪನ ಮಾತು. ಮನೆಗೆ ಬಂದರೆ ಕಾಲು ಚಾಚಿ, ಟಿವಿ ಮುಂದೆ ಬಾಯಿ ತೆರೆದುಕೊಂಡೇ ನಿದ್ದೆ ಹೋಗುವ ಅಪ್ಪ ಇಲ್ಲಿ ಅರಳು ಹುರಿದ ಹಾಗೆ ಮಾತಾಡುತ್ತಿದ್ದ. ಲೈಟ್‌ಹೌಸಿನಲ್ಲಿ ಕನ್ನಡಕದ ಹುಡುಗನ ತಂಗಿ ಪುಟಾಣಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಮೆಟ್ಟಿಲು ಹತ್ತಿದ. ಚೂಟಿ ತನ್ನ ಕಾಲಲ್ಲಿ ತಾನೇ ಹತ್ತಿದಳು. ಮೇಲಿನಿಂದ ಸಮುದ್ರ ಎಷ್ಟು ಚೆಂದ ಕಾಣುತ್ತದೆ ಎಂದು ಎಲ್ಲರೂ ಹೇಳಿದರು. ಚೂಟಿ ಬೇಕೆಂದೇ ಗೋಡೆಯ ಕಡೆ ತಿರುಗಿ ನಿಂತಳು.

ಆಮೇಲೆ ಬಂಡೆಯ ಹತ್ತಿರ ಬಂದರು. ಕರಿಬಂಡೆಯ ನಡುವೆ ಬಾವಿಯ ಬಾಯಿಯಂಥ ತೂತು. ಕೆಳಗಿನಿಂದ ಅಲೆ ನುಗ್ಗಿದಾಗ ಬಂಡೆಯ ಹೊಟ್ಟೆಯೊಳಗೆ ಗುಡುಗಿದಂತೆ ಸದ್ದಾಗಿ, ತೂತಿನಿಂದ ನೀರು ತೆಂಗಿನ ಮರದೆತ್ತರ ಚಿಮ್ಮುತ್ತಿತ್ತು. ಅಪ್ಪ ಎಲ್ಲರನ್ನೂ ಕಂಬಿಯ ಈಚೆಗೆ ನಿಲ್ಲಿಸಿ, ಮಂಡಿಯೂರಿ ಪುಟಾಣಿಗೆ ಗುಟ್ಟು ಹೇಳುವವನ ಹಾಗೆ ಹೇಳತೊಡಗಿದ. ಇದರ ಕೆಳಗೆ ಬಂಡೆ ತಾತ ಮಲಗಿದ್ದಾನೆ. ದಿನವಿಡೀ ನೀರಲ್ಲಿದ್ದು ಅವನಿಗೆ ಶೀತವಾಗಿದೆ. ಸೀನು ಬರುವ ಮೊದಲು ಹೀಗೇ ಗೊರಗೊರ ಅನ್ನುತ್ತಾನೆ.

ಚೂಟಿಯ ಮೈಯೆಲ್ಲ ಉರಿದುಹೋಯಿತು. ಅದು ಅವಳ ಕತೆ. ಅವಳು ಚಿಕ್ಕವಳಿದ್ದಾಗ ಹಾಸಿಗೆಯಲ್ಲಿ, ದೀಪ ಆರಿಸುವ ಮೊದಲು, ಅಪ್ಪ ಅವಳೊಬ್ಬಳಿಗೆ ಹೇಳುತ್ತಿದ್ದ ಕತೆ. ತಾತ ಸೀನಿದ ಕೂಡಲೇ ಏನು ಹೇಳಬೇಕೆಂಬುದೂ ಅವಳಿಗೇ ಸೇರಿದ್ದು.

"ಅವನು ಸೀನಿದ ತಕ್ಷಣ ನೀನು ಹೇಳ್ಬೇಕು, ತಾತಾ, ಬಿಸಿನೀರು ಕುಡಿ ಅಂತ," ಎಂದು ಅಪ್ಪ ಪುಟಾಣಿಗೆ ಕಲಿಸುತ್ತಿದ್ದ.

"ತಾತನೂ ಇಲ್ಲ, ಗೀತನೂ ಇಲ್ಲ," ಎಂದಳು ಚೂಟಿ, ಎಲ್ಲರಿಗೂ ಕೇಳುವಂತೆ. "ಅಲೆ ಬಂದು ತೂತಲ್ಲಿ ನುಗ್ಗುತ್ತೆ ಅಷ್ಟೇ. ಅಪ್ಪ ಎಲ್ಲಾರ್ಗೂ ಇದೇ ಸುಳ್ಳು ಹೇಳ್ತಾನೆ."

ಬಂಡೆ ಗುಡುಗಿತು, ನೀರು ಚಿಮ್ಮಿತು. ಬಿಸಿನೀರು ಕುಡಿ ಎಂದು ತಾತನಿಗೆ ಯಾರೂ ಹೇಳಲಿಲ್ಲ. ಪುಟಾಣಿ ಎರಡೂ ಕಿವಿ ಮುಚ್ಚಿಕೊಂಡು ಜೋರಾಗಿ ಅಳಲು ಶುರುಮಾಡಿದಳು. ಅವಳ ಅಮ್ಮ ಬಂದು ಎತ್ತಿಕೊಂಡು ಹೋದರು. ಅಪ್ಪ ಮಂಡಿಯ ಧೂಳು ಕೊಡವಿಕೊಂಡು ಎದ್ದ. ಬೈಯಲಿಲ್ಲ. ಎಲ್ಲರನ್ನೂ ವ್ಯಾನಿಗೆ ಹತ್ತಿಸಿದ.

ಕೊನೆಗೆ ಬಿಳಿ ಮರಳಿನ ಬೀಚು ಬಂತು. ಬಂದವರೆಲ್ಲ ನೀರಿನ ಕಡೆ ಹೋದರು. ಅಪ್ಪ ವ್ಯಾನಿನ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚಿದ. ಚೂಟಿ ಎದುರಿಗೆ ಬಂದು ನಿಂತಳು.

"ಅದು ನನ್ನ ಕತೆ. ಯಾಕೆ ಕೊಟ್ಟೆ ಅವರಿಗೆ?"

ಅಪ್ಪ ಶೂ ಒಳಗಿನ ಮರಳು ಸುರಿದ. "ಆ ಕತೆ ಎಲ್ಲಿ ಹುಟ್ಟಿದ್ದು ಗೊತ್ತಾ? ಅದೇ ಬಂಡೆ ಮೇಲೆ. ನಿಂಗಾಗ ಮೂರು ವರ್ಷ. ಅಲ್ಲಿಗೆ ಕರ್ಕೊಂಡ್ ಹೋಗಿದ್ದೆ. ಆ ಸದ್ದು ಕೇಳಿ ನೀನು ನನ್ನ ಶರ್ಟು ಹರಿಯೋ ಹಾಗೆ ಹಿಡ್ಕೊಂಡೆ. ಏನು ಮಾಡೋದು ಅಂತ ನಂಗೆ ತೋಚಲಿಲ್ಲ. ಬಾಯಿಗೆ ಬಂದಿದ್ದು ಹೇಳ್ದೆ."

ಚೂಟಿಗೆ ಅದೊಂದೂ ನೆನಪಿರಲಿಲ್ಲ.

"ಇವತ್ತು ಆ ಮಗು ವ್ಯಾನಿಂದ ಇಳಿದಾಗಿಂದ ನಡುಗ್ತಾ ಇತ್ತು. ನೀನು ನೋಡಲಿಲ್ಲ. ನಿನ್ನ ಕಣ್ಣೆಲ್ಲ ನನ್ನ ಮೇಲಿತ್ತು."

"ಭಾನುವಾರ ಪೂರ್ತಿ ಅವರಿಗೇ ಕೊಡ್ತೀಯ," ಎಂದಳು ಚೂಟಿ.

"ಅದು ನನ್ನದೇ ತಪ್ಪು," ಎಂದ ಅಪ್ಪ. "ಅದಕ್ಕೆ ನೀನು ಸಿಟ್ಟು ಮಾಡ್ಕೊಳ್ಳೋದು ಸರಿನೇ."

ಅಪ್ಪ ಹೀಗೆ ಒಪ್ಪಿಕೊಂಡುಬಿಡುತ್ತಾನೆ ಎಂದು ಅವಳು ಅಂದುಕೊಂಡಿರಲಿಲ್ಲ. ಮರಳು ಒದೆಯುತ್ತಾ ನೀರಿನ ಕಡೆ ನಡೆದಳು.

ಪುಟಾಣಿ ದಡದಲ್ಲಿ ಒಬ್ಬಳೇ ಕೂತಿದ್ದಳು. ಅಣ್ಣ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕರೆಯುತ್ತಿದ್ದ. ಅವಳು ಕದಲುತ್ತಿರಲಿಲ್ಲ. ನೊರೆ ಬುಸ್ಸೆಂದು ಹತ್ತಿರ ಬಂದಾಗಲೆಲ್ಲ ಕಾಲು ಎಳೆದುಕೊಳ್ಳುತ್ತಿದ್ದಳು. ಚೂಟಿಯನ್ನು ಕಂಡು ಇನ್ನಷ್ಟು ಮುದುರಿದಳು.

ಚೂಟಿ ಸ್ವಲ್ಪ ದೂರದಲ್ಲೇ ಕೂತಳು. ಮುಂದಿನ ಸೀಟಿನ ಸಿಟ್ಟು ಇನ್ನೂ ಹಾಗೇ ಇತ್ತು. ಆದರೆ ಆ ಪುಟ್ಟ ಬೆರಳುಗಳು ಮರಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದವೆಂದರೆ, ಅವಳಿಗೆ ಬೇರೆ ಕಡೆ ನೋಡಲಾಗಲಿಲ್ಲ.

"ಅದು ಬುಸ್ ಅನ್ನೋದು ನಿನ್ನ ಮೇಲಲ್ಲ," ಎಂದಳು ಮೆಲ್ಲಗೆ. ಮುಂದೇನು ಹೇಳುವುದೋ ಅವಳಿಗೇ ಗೊತ್ತಿರಲಿಲ್ಲ. "ಸಮುದ್ರ ಒಂದು ಚಪ್ಪಲಿ ಕಳ್ಕೊಂಡಿದೆ. ಅದಕ್ಕೇ ಮತ್ತೆ ಮತ್ತೆ ಬಂದು ಹುಡುಕುತ್ತೆ."

ಪುಟಾಣಿ ಮೂಗೊರೆಸಿಕೊಂಡಳು. ಅಲೆಯೊಂದು ಬಂದು ಮರಳನ್ನೆಲ್ಲ ಸವರಿ ಹಿಂದೆ ಸರಿಯಿತು.

"ಸಿಕ್ತಾ?" ಎಂದಳು.

"ಇನ್ನೂ ಇಲ್ಲ."

ಮುಂದಿನ ಅಲೆ ಬರುವಷ್ಟರಲ್ಲಿ ಪುಟಾಣಿ ತೆವಳಿಕೊಂಡು ಬಂದು ಚೂಟಿಯ ಪಕ್ಕಕ್ಕೆ ಅಂಟಿಕೊಂಡು ಕೂತಿದ್ದಳು. ನೀರು ಇಬ್ಬರ ಕಾಲನ್ನೂ ಮುಟ್ಟಿತು. ಅವಳು ಚೂಟಿಯ ತೋಳು ಹಿಡಿದುಕೊಂಡಳು, ಕಾಲು ಎಳೆದುಕೊಳ್ಳಲಿಲ್ಲ.