ಡೊಂಬಯ್ಯನ ಬಾಯಾರಿಕೆ

ಕಾಂಗೋದ ಅಂತರ್ಯುದ್ಧ ತಡೆಯಲು ಹೋದ ನಮ್ಮ ದೇಶದ ಪಡೆಗೆ ತಾವಾಗಿ ಹೆಸರು ಕೊಟ್ಟಿದ್ದ ನನ್ನ ಗಂಡ ದೇವದಾಸ ಅಲ್ಲೇ ಗುಂಡು ತಾಗಿ ತೀರಿಕೊಂಡರು. ಬೆಳ್ಳಾರೆಯ ಮನೆಯಲ್ಲಿ ಅವರಿಗೆ ಎಲೆ ಹಾಕಿ ಬಡಿಸುವ ದಿನ ಅದೇ ಪಡೆಯಲ್ಲಿದ್ದ ಜೊತೆಗಾರ ಡೊಂಬಯ್ಯನೂ ಬಂದಿದ್ದ.

“ನನ್ನ ಕೈಯಿಂದ ನೀರು ಕುಡಿದೇ ಪ್ರಾಣ ಬಿಟ್ಟದ್ದು, ಅತ್ತಿಗೆ.”

ತೀರಿಹೋದವರು ಬಂದು ಉಣ್ಣಲೆಂದು ಅನ್ನ, ನೀರು ಇಟ್ಟು ಬಾಗಿಲು ಹಾಕಿದೆವು. ತೆರೆದಾಗ ಅನ್ನ ಹಾಗೇ ಇತ್ತು. ಲೋಟ ಮಾತ್ರ ಬರಿದಾಗಿ, ಬಿಸಿಲಲ್ಲಿಟ್ಟಂತೆ ಸುಡುತ್ತಿತ್ತು. ಮತ್ತೆ ತುಂಬಿಸಿಟ್ಟರೂ ಅದೇ.

“ನೀರು ಕೊಟ್ಟದ್ದು ಹೌದಾ ಮಾರಾಯ?” ಅತ್ತೆ ಪೂವಮ್ಮ ಕೇಳಿದರು.

ಡೊಂಬಯ್ಯ ತಲೆ ತಗ್ಗಿಸಿದ. “ಒಬ್ಬನಿಗೆ ಸಾಕಾಗುವಷ್ಟೇ ಇದ್ದದ್ದು.”

ಊಟಕ್ಕೆ ಕೂತಾಗ ಅವನ ಲೋಟಕ್ಕೆ ನಾನೇ ನೀರು ಹಾಕಿದೆ. ಬಾಯಿಗೆತ್ತುವಷ್ಟರಲ್ಲಿ ಒಣಗಿತ್ತು. “ಇನ್ನೂ ಹಾಕಿ, ಅತ್ತಿಗೆ.” ಚೆಂಬು ಮುಗಿಯುವವರೆಗೂ ಹಾಕಿ, ನೋಡುತ್ತಾ ನಿಂತೆ.

ನಮ್ಮಲ್ಲಿಂದ ಹೊರಟವನು ಕುಂಬ್ರದವರೆಗೂ ದಾರಿಯ ಮನೆಮನೆಯಲ್ಲಿ ನೀರು ಕೇಳುತ್ತಾ ಹೋದನಂತೆ. ಮರುವರ್ಷ ನಾವು ಬಡಿಸಿಟ್ಟು ಬಾಗಿಲು ತೆರೆದಾಗ ದೇವದಾಸರ ಲೋಟ ತುಂಬಿಯೇ ಇತ್ತು, ತಣ್ಣಗೆ.