ಆರು ಮೀಟರಿನ ಆರೋಪ

ತಾಕ್‌ವಿಂಗ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಆರು ವಾರದಿಂದ ದಿನವೂ ಯಾರಿಗೆ ನಿಂಬೆ ಚಹಾ ತಂದುಕೊಡುತ್ತಿದ್ದನೋ ಆ ಹುಡುಗಿಯೇ ಇಡೀ ಗ್ಯಾಂಗಿನ ಎದುರು ಅವನನ್ನು ಕಳ್ಳನೆಂದಿದ್ದಳು!

"ಏಳು ಮೊಳೆ, ಮೇಸ್ತ್ರಿ. ಹನ್ನೆರಡು ಮೀಟರ್ ಇರ್ಬೇಕಾದ್ದು ಆರೇ ಇದೆ. ಕೆಳಗಿರೋದು ಶಾಲೆ!"

ಹಾಂಗ್‌ಕಾಂಗಿನ ಶಾವ್ ಕೇ ವಾನ್‌ನಲ್ಲಿ ಶಾಲೆಯ ಹಿಂದಿನ ಗುಡ್ಡ ಜಾರದಂತೆ ಉದ್ದನೆಯ ತೂತು ಕೊರೆದು, ಉಕ್ಕಿನ ಸರಳು ತೂರಿಸಿ, ಸಿಮೆಂಟು ತುಂಬುವ ಗ್ಯಾಂಗಿಗೆ ಅವನೇ ಮೇಸ್ತ್ರಿ. ಆ ಸರಳುಗಳೇ ಗುಡ್ಡದ ಮೊಳೆಗಳು. ಅವು ಸರಿಯಾಗಿವೆಯೇ ಎಂದು ನೋಡುವುದು ಆ ಹುಡುಗಿ, ಇನ್‌ಸ್ಪೆಕ್ಟರ್ ಪುಯ್‌ಶಾನ್‌ಳ ಕೆಲಸ. ಸರಳಿನ ಜೊತೆ ಕಟ್ಟಿದ ತೆಳು ತಂತಿಗೆ ಯಂತ್ರ ಜೋಡಿಸಿದರೆ ಸಾಕು, ಹೂತುಹೋದ ಮೊಳೆಯ ಉದ್ದ ಎಷ್ಟೆಂದು ಯಂತ್ರವೇ ಹೇಳುತ್ತದೆ.

"ತೂತು ಅಳೆದವಳು ನೀನೇ ಅಲ್ವಾ?"

"ತೂತು ಅಳೆದೆ. ಊಟಕ್ಕೆ ಹೋದೆ. ಆಮೇಲೆ ಎರಡು ಸರಳು ಜೋಡಿಸೋ ಕಡೆ ಒಂದೇ ಹಾಕಿ ಮುಚ್ಚಿ, ಇನ್ನೊಂದನ್ನ ಮಾರ್ಕೊಂಡ್ರೆ ನಂಗೆ ಹೇಗೆ ಗೊತ್ತಾಗ್ಬೇಕು?"

ಅವಳ ಕಣ್ಣು ತುಂಬಿತ್ತು. ಕೆಲಸ ಶುರುವಾದ ದಿನ ಭೂಮಿದೇವರಿಗೆ ಹುರಿದ ಹಂದಿ ಅರ್ಪಿಸಿದಾಗ, ಗರಿಗರಿ ಚರ್ಮದ ತುಂಡನ್ನು ಆರಿಸಿ ಅವನ ತಟ್ಟೆಗೆ ಹಾಕಿ ಓರೆಗಣ್ಣಲ್ಲಿ ನಕ್ಕಿದ್ದವಳೂ ಇವಳೇ. ಅವನು ಹೆಲ್ಮೆಟ್ಟನ್ನು ನೆಲಕ್ಕೆ ಬಡಿದ.

"ನಿನ್ನ ಯಂತ್ರಕ್ಕೆ ಬೆಂಕಿ ಬೀಳ! ಹದಿನೆಂಟು ವರ್ಷ ಗುಡ್ಡ ಕೊರೆದಿದ್ದೀನಿ."

ಅಂದೇ ಕಂಪನಿ ಅವನನ್ನು ಕೆಲಸದಿಂದ ನಿಲ್ಲಿಸಿತು. ಆರೋಪ ರುಜುವಾದರೆ ಇನ್ನು ಯಾವ ಗುಡ್ಡದಲ್ಲೂ ಅವನಿಗೆ ಕೆಲಸವಿಲ್ಲ. ಮೂರು ದಿನ ಅವನು ಗೋಡೆ ನೋಡುತ್ತಾ ಮಲಗಿದ. ಕೆಲಸ ಹೋದದ್ದಕ್ಕಿಂತ, ಒಂದು ಮಾತೂ ಕೇಳದೆ ತೀರ್ಪು ಕೊಟ್ಟಳಲ್ಲ ಎಂಬುದೇ ಅವನನ್ನು ಕೊರೆಯುತ್ತಿತ್ತು.

ನಾಲ್ಕನೆಯ ದಿನ ಸೈಟಿಗೆ ಕರೆ ಬಂತು. ಬಿದಿರಿನ ಅಟ್ಟಣಿಗೆಯ ಮೇಲೆ ಗ್ಯಾಂಗು ಸೇರಿತ್ತು. ನಿದ್ದೆಗೆಟ್ಟ ಮುಖ ಹೊತ್ತು ಪುಯ್‌ಶಾನ್ ನಡುವೆ ನಿಂತಿದ್ದಳು.

"ಎಲ್ಲರೂ ಕೇಳಿ," ಎಂದಳು. "ಸರಳಿನ ತುದಿಗೆ ಸುತ್ತಿಗೆಯಿಂದ ಹೊಡೆದು, ಒಳಗಿಂದ ಮರಳೋ ಸದ್ದು ಅಳೆಸಿದೆ. ಏಳೂ ಹನ್ನೆರಡು ಮೀಟರ್ ಇವೆ. ತಂತಿ ಮಾತ್ರ ಸರಳುಗಳ ಜೋಡಣೆ ಹತ್ರ, ಆರನೇ ಮೀಟರಿಗೆ, ತುಂಡಾಗಿದೆ. ಯಂತ್ರಕ್ಕೆ ಅಷ್ಟೇ ಕಂಡಿದ್ದು."

"ತಂತಿ ಯಾಕೆ ತುಂಡಾಯ್ತು?" ಯಾರೋ ಕೇಳಿದರು.

"ಜೋತಾಡೋ ತಂತಿ ಅಸಹ್ಯವಾಗಿ ಕಾಣುತ್ತೆ, ಬಿಗಿಯಾಗಿ ಕಟ್ಟಿ ಅಂತ ನಾನೇ ಹೇಳಿದ್ದೆ. ತೂರಿಸುವಾಗ ಜೋಡಣೆಯ ಅಂಚು ಅದನ್ನ ಕೊಯ್ದಿದೆ. ತಪ್ಪು ನಂದು. ವರದಿಯಲ್ಲೂ ಹಾಗೇ ಬರೆದಿದ್ದೀನಿ."

ತಾಕ್‌ವಿಂಗ್‌ನ ಸಿಟ್ಟು ಮಾತ್ರ ಇಳಿಯಲಿಲ್ಲ.

"ವರದಿ ಕಟ್ಕೊಂಡು ನಾನೇನು ಮಾಡ್ಲಿ? ಆರು ವಾರ! ಪಕ್ಕಕ್ಕೆ ಕರೆದು, ನಿಜಾನಾ ವಿಂಗ್, ಅಂತ ಒಂದು ಸಲ ಕೇಳೋಕೆ ನಿಂಗೆ ಬಾಯಿ ಬರ್ಲಿಲ್ವಾ?"

ಅವಳು ತಲೆಯೆತ್ತಿ ಅವನನ್ನೇ ದಿಟ್ಟಿಸಿದಳು. ಆ ನೋಟದಲ್ಲೂ ಸಿಟ್ಟೇ ಇತ್ತು.

"ಹೇಗೆ ಕೇಳ್ಲಿ? ಕೇಳಿದ್ರೆ ನೀನು ಹೇಳಿದ್ದನ್ನ ನಂಬಿಬಿಡ್ತಿದ್ದೆ! ಸುಳ್ಳಾದ್ರೂ ನಂಬ್ತಿದ್ದೆ. ಆ ಮಕ್ಕಳ ತಲೆ ಮೇಲೆ ಗುಡ್ಡ ಇಟ್ಕೊಂಡು, ಇಷ್ಟಪಟ್ಟವನ ಮಾತು ನಂಬೋ ಹಕ್ಕು ನಂಗಿದೆಯಾ?"

ಯಾರೋ ಕೆಮ್ಮಿದರು. ಇನ್ಯಾರೋ ಡ್ರಿಲ್ಲಿನ ಕಡೆ ತಿರುಗಿ ನಿಂತರು. ತಾಕ್‌ವಿಂಗ್‌ನ ಕಿವಿ ಕೆಂಪಾಯಿತು. ಮೂರು ದಿನದಿಂದ ಹೊಂದಿಸಿಟ್ಟ ಬೈಗುಳದಲ್ಲಿ ಒಂದೂ ನೆನಪಾಗಲಿಲ್ಲ.

"ಅದನ್ನ ಇಷ್ಟು ಜನರ ಎದುರು ಹೇಳ್ಬೇಕಾ?"

"ಕಳ್ಳ ಅಂದಿದ್ದೂ ಇವರ ಎದುರೇ ಅಲ್ವಾ?"

"ನಂಗಿನ್ನೂ ಸಿಟ್ಟಿದೆ."

"ಇರ್ಲಿ."

"ಸುಮ್ನೆ ಹೋಗೋ ಸಿಟ್ಟಲ್ಲ ಇದು. ಎದುರಿಗೆ ಕೂರಿಸ್ಕೊಂಡು ಬೈಬೇಕು. ಇವತ್ತು ಸಂಜೆ ಊಟಕ್ಕೆ ಬಾ."

"ಒಂದೇ ಸಂಜೆಯಲ್ಲಿ ಬೈದು ಮುಗಿಯುತ್ತಾ?"

"ಎಲ್ಲಿ ಮುಗಿಯುತ್ತೆ!" ಎಂದ ಅವನು ಅದೇ ಸಿಟ್ಟಿನಲ್ಲಿ. "ಒಂದು ಜನ್ಮ ಬೇಕು."