ಕುಣಿ ಮುಚ್ಚಬ್ಯಾಡ್ರಿ

“ಮೊದಲ ಈ ಕುಣಿ ಮುಚ್ಚಬೇಕರಿ!”

ಮಗ್ಗದ ಮುಂದೆ ಕೂತಿದ್ದ ಬನಶಂಕರೆವ್ವನ ಕೈಯಲ್ಲಿದ್ದ ಲಾಳಿ ಅಲ್ಲೇ ನಿಂತಿತು.

ಹೇಳಿದವನು ಆರ್ಕಿಟೆಕ್ಟ್ ಕುಬೇರಪ್ಪ. ಮುಂಬಯಿಯಲ್ಲಿ ಓದಿ ಬಂದು, ಹುಲಕೋಟಿಯಲ್ಲೊಂದು ಶಾಲೆ, ಲಕ್ಷ್ಮೇಶ್ವರದಲ್ಲೊಂದು ಟಾಕೀಸು ಕಟ್ಟಿಸಿ, 1978ರ ಹೊತ್ತಿಗೆ ಗದಗ ಸೀಮೆಗೆಲ್ಲ ‘ಇಂಜಿನಿಯರ್ ಸಾಹೇಬ್ರು’ ಆಗಿದ್ದ. ನೇಕಾರರ ಕುಲದವನೇ, ಆದರೆ ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟ ಮನೆ. ಬೆಟಗೇರಿಯಲ್ಲಿ ಇವಳ ಅಪ್ಪನ ಈ ಹಳೇ ಮನೆಯನ್ನು ಹೊಸದಾಗಿ ಕಟ್ಟಲು ಬಂದಿದ್ದ. ಇವಳನ್ನು ಅವನಿಗೇ ಕೊಡುವ ಮಾತೂ ಹಿರಿಯರಲ್ಲಿ ನಡೆದಿತ್ತು.

ಪಾಪ, ಅವನಿಗೇನು ಗೊತ್ತು? ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತೇ ಮಗ್ಗ ನಡೆಸಬೇಕು. ನೇಕಾರರ ಓಣಿಯಲ್ಲಿ ‘ಕುಣಿ ಮುಚ್ಚಿದರು’ ಎಂದರೆ ಆ ಮನೆಯಲ್ಲಿ ನೇಯುವವರು ಇನ್ನಿಲ್ಲ ಎಂದರ್ಥ!

“ನಾ ಸತ್ತ ಮ್ಯಾಲ ಮುಚ್ಚ್ರಿ!”

“ಅಲ್ಲರಿ, ನಾ ಹೇಳಿದ್ದು...” ಕುಬೇರಪ್ಪ ಗಾಬರಿಬಿದ್ದ.

ಕೇಳಿದರೆ ತಾನೆ! “ಮಗ್ಗ ಬಿಡಸೋ ಗಂಡ ನನಗ ಬ್ಯಾಡ” ಎಂದು ಅಪ್ಪನಿಗೆ ಖಡಾಖಂಡಿತ ಹೇಳಿ, ಮರುದಿನವೇ ಮುಂಡರಗಿಯ ಅಕ್ಕನ ಮನೆಗೆ ಹೊರಟುಹೋದಳು. ಸಂಬಂಧ ಮುರಿಯಿತು; ಮನೆ ಕಟ್ಟುವ ಕೆಲಸ ಮಾತ್ರ ಅವನ ಕೈಯಲ್ಲೇ ಉಳಿಯಿತು.

ಅಲ್ಲಿಯೂ ಅವನದೇ ಹೆಸರು. ಅವನು ಕಟ್ಟಿಸಿದ ಸೊಸೈಟಿ ಕಟ್ಟಡವನ್ನು ಅಕ್ಕ ಹೊಗಳಿದಾಗಲೆಲ್ಲ ಇವಳು ಮುಖ ತಿರುಗಿಸುತ್ತಿದ್ದಳು. ‘ಆ ಗಾಬರಿಬಿದ್ದ ಕಣ್ಣು ಯಾಕ ನೆನಪಾಗತಾವ ನನಗ...?’ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಹೊಸ ಮನೆಯ ವಾಸ್ತುಶಾಂತಿಗೆ ಬಂದಾಗ ಪಡಸಾಲೆಯಲ್ಲಿ ಕುಣಿ ಇರಲಿಲ್ಲ. ಅದು ಇದ್ದ ಜಾಗವನ್ನೇ ನೋಡುತ್ತ ನಿಂತಳು.

“ಅಲ್ಲೇನ ನೋಡ್ತಿ? ಹಿಂದಿನ ಖೋಲಿಗೆ ಹೋಗು” ಎಂದು ಅಪ್ಪ ನಾರಾಯಣಪ್ಪ ನಕ್ಕ.

ಅಲ್ಲಿ ಎತ್ತರದ ಕಿಟಕಿ, ಅದರ ಬೆಳಕಿನಲ್ಲಿ ಅವಳ ಮಗ್ಗ, ಮಗ್ಗದ ಕೆಳಗೆ ಕಲ್ಲಿನಿಂದ ಕಟ್ಟಿದ ಹೊಸ ಕುಣಿ!

ಬಾಗಿಲಲ್ಲಿ ಕುಬೇರಪ್ಪ ನಿಂತಿದ್ದ. “ಹಳೇ ಕುಣ್ಯಾಗ ಥಂಡಿ ಏರತಿತ್ತರಿ, ಕತ್ತಲ ಬ್ಯಾರೆ. ನಿಮ್ಮ ಕಣ್ಣು ಹಾಳಾಗಬಾರದಂತ ಅದನ್ನ ಮುಚ್ಚಬೇಕಂದಿದ್ದೆ... ಸರಿಯಾಗಿ ಹೇಳಾಕ ಬರಲಿಲ್ಲ.”

ಅವಳ ಕಣ್ಣು ತುಂಬಿ ಬಂತು. ಕುಣಿಗೆ ಕಾಲಿಳಿಸಿ ಕೂತಳು. ಅಯ್ಯೋ! ತುಳಿಯುವ ಹಲಗೆ ಕಾಲಿಗೆ ಸಿಗಲೇ ಇಲ್ಲ.

“ಇದು ಯಾರ ಕಾಲಿನ ಅಳತಿರಿ?”

“ನಂದರಿ...” ಅವನ ಮುಖ ಕೆಂಪಾಯಿತು. “ನಾನ ಇಳಿದು ಕುಂತು ನೋಡಿದ್ದೆ. ಬ್ಯಾಡಂದಾಕಿನ ಕಾಲಿನ ಅಳತಿ ಯಾವ ಮಾರಿ ಇಟ್ಕೊಂಡು ಕೇಳ್ಲಿ? ಆದ್ರ ಅವತ್ತಿನಿಂದ ಮನಸಿನ್ಯಾಗ ನೀವ ಇದ್ದೀರಿ.”

ಅಳುತ್ತಲೇ ನಕ್ಕುಬಿಟ್ಟಳು ಬನಶಂಕರೆವ್ವ. “ಈಗ ತಗೊಳ್ರಿ ಅಳತಿ. ಮತ್ತ... ನಿಮ್ಮ ಅವ್ವಾರನ್ನ ಇನ್ನೊಮ್ಮೆ ಹೆಣ್ಣು ಕೇಳಾಕ ಕಳಸ್ರಿ.”

“ಖರೇನ?”

“ಖರೇರಿ.”

“ಹಂಗಾರ ಇವತ್ತ ಸ್ವಲ್ಪ ಕುಣಿ ಮುಚ್ಚಸ್ತೀನ್ರಿ!”

“ನನ್ನ ಕಾಲು ಮುಟ್ಟೋವಷ್ಟ ಮುಚ್ಚಸ್ರಿ. ಪೂರಾ ಮುಚ್ಚಿದ್ರ ಮತ್ತ ಮುಂಡರಗಿ ಬಸ್ ಹತ್ತತೀನಿ ನೋಡ್ರಿ!”